ರೇಂಜಿನಲ್ಲಿ ಗಟ್ಟಿಯಾಗಿದ್ದ ಕೈ ಡ್ಯೂಟಿಯಲ್ಲಿ ಯಾಕೆ ನಡುಗಿತು?

ಪ್ರಶ್ನೆ: ಸಾರ್, ನನ್ನದು ಮಳವಳ್ಳಿ ಕಡೆ ಊರು. ವಯಸ್ಸು 26. ಸಶಸ್ತ್ರ ಮೀಸಲು ಪಡೆಯಲ್ಲಿ ಕಾನ್‌ಸ್ಟೇಬಲ್. ಟ್ರೈನಿಂಗ್‌ನಲ್ಲಿ ನನ್ನ ಗ್ರೂಪಿಂಗ್ (ಗುಂಡುಗಳೆಲ್ಲ ಹತ್ತಿರ ಹತ್ತಿರ ಬೀಳೋದು) ಚೆನ್ನಾಗಿ ಬರುತ್ತಿತ್ತು, ಕಲಿಸುವ ಉಸ್ತಾದರು ಮೆಚ್ಚಿಕೊಂಡಿದ್ದರು. ಇತ್ತೀಚೆಗೆ ಒಂದು ರಾತ್ರಿ ಎಸ್ಕಾರ್ಟ್ ಡ್ಯೂಟಿಯಲ್ಲಿದ್ದೆವು. ದಾರಿಗೆ ಅಡ್ಡ ನಿಂತಿದ್ದ ಗಾಡಿಯಿಂದ ನಾಲ್ಕೈದು ಜನ ಇಳಿದು ಕೂಗಾಡುತ್ತಾ ನಮ್ಮ ಕಡೆ ಓಡಿ ಬಂದರು. ಕುಡಿದಿದ್ದವರು, ಏನೂ ಅನಾಹುತ ಆಗಲಿಲ್ಲ. ಆದರೆ ನನ್ನ ಕೈ ನಡುಗುತ್ತಿತ್ತು. ರೈಫಲ್ಲಿನ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಕೀಲಿ, ಎಲ್ಲಿದೆ ಅಂತ ಬೆರಳಿಗೇ ಸಿಗಲಿಲ್ಲ. ಪಕ್ಕದಲ್ಲಿದ್ದ ಎಎಸ್‌ಐ ಕೂಗಿದ್ದೂ ಕೇಳಿಸಲಿಲ್ಲ. ಅಂದಿನಿಂದ ಒಂದೇ ಯೋಚನೆ, ನಾನು ಹೇಡಿಯಾ? ಗೆಳೆಯನೊಬ್ಬ ಕಿಲ್ಲರ್ ಇನ್‌ಸ್ಟಿಂಕ್ಟ್ ಬೆಳೆಸ್ಕೋ ಅಂತಾನೆ. ಇನ್ನೊಬ್ಬರು ನಡುಕಕ್ಕೆ ಮಾತ್ರೆ ಇದೆ ಅಂದರು. ಮನಸ್ಸನ್ನು ತಯಾರು ಮಾಡಿಕೊಳ್ಳೋದು ಹೇಗೆ? ದಯವಿಟ್ಟು ಹೇಳಿ.

ಉತ್ತರ:

ಹೇಡಿತನದ ಮಾತನ್ನು ಮೊದಲು ಮುಗಿಸಿಬಿಡೋಣ. ನೀವು ನಿಂತ ಜಾಗ ಬಿಟ್ಟು ಓಡಲಿಲ್ಲ. ಗುಂಡೂ ಹಾರಿಸಲಿಲ್ಲ. ಈ ಎರಡನೆಯದು ಎಷ್ಟು ದೊಡ್ಡ ವಿಷಯ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ನಾನು ಸೇನೆಯಲ್ಲಿ ಹುಡುಗರಿಗೆ ಶಸ್ತ್ರ ತರಬೇತಿ ಕೊಡುತ್ತಿದ್ದವನು, ಈಗ ಮೈಸೂರಿನಲ್ಲಿ ರೈಫಲ್ ಶೂಟಿಂಗ್ ಹೇಳಿಕೊಡುತ್ತೇನೆ. ನೀವು ಬರೆದಿರುವ ಅನುಭವವನ್ನು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. ಹೆಚ್ಚಿನವರು ಅದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಅಪಾಯ ಕಂಡ ಕೂಡಲೇ ದೇಹ ಅಡ್ರಿನಲಿನ್ ಬಿಡುತ್ತದೆ. ಎದೆ ಬಡಿತ ಏರುತ್ತದೆ. ತೋಳು ತೊಡೆಗಳ ದೊಡ್ಡ ಸ್ನಾಯುಗಳಿಗೆ ರಕ್ತ ಜಾಸ್ತಿ ಹೋಗುತ್ತದೆ. ಓಡೋದಕ್ಕೆ, ತಳ್ಳೋದಕ್ಕೆ, ಗುದ್ದೋದಕ್ಕೆ ಇದು ಬೇಕಾದದ್ದೇ. ಬೆರಳ ತುದಿಯಿಂದ ಮಾಡುವ ಸಣ್ಣ ಕೆಲಸಕ್ಕೆ ಮಾತ್ರ ಇದು ಆಗಿಬರುವುದಿಲ್ಲ. ಸೇಫ್ಟಿ ಸಿಗದೇ ಹೋಗಿದ್ದು ಅದಕ್ಕೇ. ಕಣ್ಣು ಅಪಾಯವನ್ನಷ್ಟೇ ಹಿಡಿದುಕೊಳ್ಳುತ್ತದೆ, ಅಕ್ಕಪಕ್ಕದ್ದು ಬಿಟ್ಟುಹೋಗುತ್ತದೆ. ಕಿವಿಗೆ ಬಿದ್ದ ಶಬ್ದವನ್ನು ಮೆದುಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗುಂಡಿನ ಚಕಮಕಿಯಲ್ಲಿ ಬದುಕಿ ಬಂದ ಪೊಲೀಸರನ್ನು ಮಾತಾಡಿಸಿದವರಿಗೆ ಮತ್ತೆ ಮತ್ತೆ ಸಿಕ್ಕಿರುವುದು ಇದೇ: ತಮ್ಮ ಬಂದೂಕಿನ ಶಬ್ದವೇ ದೂರದಲ್ಲೆಲ್ಲೋ ಕೇಳಿದಂತಿತ್ತು, ಎಲ್ಲ ನಿಧಾನವಾಗಿ ನಡೆದಂತಿತ್ತು, ಆಮೇಲೆ ಎಷ್ಟು ಗುಂಡು ಹಾರಿಸಿದೆ ಅಂತ ನೆನಪಾಗಲಿಲ್ಲ. ಇವರೆಲ್ಲ ಗಟ್ಟಿಗರೇ.

ಇಲ್ಲೊಂದು ಎಚ್ಚರಿಕೆ. ಎದೆ ಬಡಿತ ಇಷ್ಟಾದರೆ ಇಷ್ಟು ಶಕ್ತಿ ಹೋಗುತ್ತೆ, ಅಷ್ಟಾದರೆ ಬುದ್ಧಿಯೇ ನಿಂತುಹೋಗುತ್ತೆ ಅಂತ ಪಟ್ಟಿ ಹಾಕಿ ತೋರಿಸುವ ಚಾರ್ಟುಗಳು ಮೊಬೈಲಿನಲ್ಲಿ ಓಡಾಡುತ್ತವೆ. ಅದನ್ನು ನಂಬಿ ಕೈಗೆ ವಾಚು ಕಟ್ಟಿಕೊಂಡು ಬಡಿತ ಎಣಿಸುತ್ತಾ ಕೂರಬೇಡಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೂ ಬಡಿತ ಏರುತ್ತದೆ, ಆದರೆ ಯಾರಿಗೂ ಕಿವಿ ಮುಚ್ಚಿಹೋಗುವುದಿಲ್ಲ. ಓಡಿ ಬಂದ ಏದುಸಿರೇ ಬೇರೆ, ಭಯದ ಬಡಿತವೇ ಬೇರೆ. ಹಾಗಾಗಿ ಸುಮ್ನೆ ನಾಲ್ಕು ಸುತ್ತು ಓಡಿ ಬಂದು ಗುಂಡು ಹೊಡೆದರೆ ಭಯಕ್ಕೆ ತಯಾರಾದಂತೆ ಆಗುವುದಿಲ್ಲ. ಓಡೋದು ಒಳ್ಳೆಯದೇ, ಓಡಿ. ಅದರಿಂದ ದಮ್ಮು ಬರುತ್ತದೆ, ಅಷ್ಟೇ.

ಇನ್ನು ನಿಮ್ಮ ಒಳ್ಳೆಯ ಗ್ರೂಪಿಂಗ್. ಅದು ಸುಳ್ಳಲ್ಲ. ಆದರೆ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಮನಸ್ಸು ಮಾಡುವ ಕೆಲಸ ಒಂದು, ರಸ್ತೆಯಲ್ಲಿ ಮಾಡಬೇಕಾದದ್ದು ಇನ್ನೊಂದು. ರೇಂಜಿನಲ್ಲಿ ಗುರಿ ಅಲ್ಲಾಡುವುದಿಲ್ಲ, ವಾಪಸ್ ಹೊಡೆಯುವುದಿಲ್ಲ. ಯಾವಾಗ ಹೊಡೆಯಬೇಕು ಅಂತ ಉಸ್ತಾದರು ಹೇಳುತ್ತಾರೆ. ಹೊಡೆಯಲೋ ಬೇಡವೋ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಅಲ್ಲಿ ನಿಮ್ಮಿಂದ ಕೇಳುವುದು ಶಾಂತಿ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಗುರುತು ಬರೀ ಅರ್ಧ ಮಿಲಿಮೀಟರ್ ಅಗಲ. ಅಲ್ಲಿ ಉಸಿರು ಬಿಟ್ಟ ಮೇಲಿನ ಆ ಸಣ್ಣ ಬಿಡುವು ಹಿಡಿದು, ನಾಡಿಯ ಮಿಡಿತ ರೈಫಲ್ಲಿಗೆ ತಾಗದಂತೆ ಟ್ರಿಗರ್ ಒತ್ತುತ್ತಾರೆ. ನಿಮ್ಮ ಆ ರಾತ್ರಿ ಹಾಗಿರಲಿಲ್ಲ. ಎದೆ ಬಡಿದುಕೊಳ್ಳುತ್ತಲೇ ಇರುತ್ತದೆ, ಕೈ ನಡುಗುತ್ತಲೇ ಇರುತ್ತದೆ, ಹಾಗಿದ್ದೂ ಕೆಲಸ ಆಗಬೇಕು. ನಡುಕ ನಿಲ್ಲಲಿ, ಆಮೇಲೆ ನೋಡೋಣ ಅಂದರೆ ಆಗದು.

ಶಾಂತವಾಗಲು ಹೋಗಿ ಕೆಲಸ ಮರೆಯುವುದು ಆಟದಲ್ಲೂ ನಡೆದಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ 50 ಮೀಟರ್ ರೈಫಲ್ ತ್ರೀ ಪೊಸಿಷನ್ (ಮಲಗಿ, ನಿಂತು, ಮಂಡಿಯೂರಿ ಹೊಡೆಯುವ ಸ್ಪರ್ಧೆ) ಫೈನಲ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ. ಕೊನೆಯ ಒಂದು ಗುಂಡು ಬಾಕಿ. ಸಾಧಾರಣವಾಗಿ ಹೊಡೆದಿದ್ದರೂ ಚಿನ್ನ ಅವನದೇ. ಹೊಡೆದ, ಆದರೆ ಪಕ್ಕದವನ ಗುರಿಗೆ! ಸೊನ್ನೆ ಬಂತು, ಎಂಟನೇ ಸ್ಥಾನಕ್ಕೆ ಬಿದ್ದ. ಮೊದಲು ಗುರಿಯ ನಂಬರ್ ನೋಡಿ ಆಮೇಲೆ ಗುರಿಗೆ ಇಳಿಯುವುದು ಅವನ ಅಭ್ಯಾಸ. ಆ ಒಂದು ಸಲ ಮನಸ್ಸನ್ನು ಸಮಾಧಾನ ಮಾಡಿಕೊಳ್ಳುವ ಗಡಿಬಿಡಿಯಲ್ಲಿ ಆ ನಂಬರ್ ನೋಡುವುದು ಬಿಟ್ಟುಹೋಯಿತು. ಅದಾದ ನಾಲ್ಕು ವರ್ಷಕ್ಕೆ ಬೀಜಿಂಗ್‌ನಲ್ಲಿ, ಇದೇ ಸ್ಪರ್ಧೆಯಲ್ಲಿ, ಕೊನೆಯ ಗುಂಡಿಗೆ ಬಂದದ್ದು ಬರೀ 4.4 ಅಂಕ. ಮತ್ತೆ ಚಿನ್ನ ಹೋಯಿತು. ಪಾಪ, ಅಥೆನ್ಸಿನಲ್ಲಿ ಸಮಾಧಾನ ಹೇಳಲು ಬಂದ ಜೆಕ್ ಶೂಟರ್ ಹುಡುಗಿಯನ್ನೇ ಅವನು ಮದುವೆಯಾದ, ಅದೊಂದು ಲಾಭ.

ಅದೇ ಬೀಜಿಂಗ್‌ನಲ್ಲಿ ನಮ್ಮ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ಬಂದಾಗ ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಜೊತೆ ಸಮಸಮ ಇದ್ದರು. ಹಕ್ಕಿನೆನ್ ಹೊಡೆದದ್ದು 9.7, ಬಿಂದ್ರಾ ಹೊಡೆದದ್ದು 10.8. ಬೀಜಿಂಗಿಗೆ ಹೋಗುವ ಮುಂಚೆ ಅವರು ಜರ್ಮನಿಯಲ್ಲಿ ಕಮಾಂಡೋಗಳು ತರಬೇತಿಗೆ ಬಳಸುವ ಎತ್ತರದ ಕಂಬವೊಂದನ್ನು ಹತ್ತಿದ್ದರು. ಅದಕ್ಕೂ ರೈಫಲ್ಲಿಗೂ ಏನು ಸಂಬಂಧ ಅನ್ನಿಸಬಹುದು. ಕಾಲು ನಡುಗುವಾಗಲೂ ಮುಂದಿನ ಹೆಜ್ಜೆ ಇಡುವುದನ್ನು ಅಲ್ಲಿ ಕಲಿಯಬಹುದು. ನಿಮಗೆ ಬೇಕಾಗಿರುವುದೂ ಅದೇ.

ನನ್ನ ಇಡೀ ಉತ್ತರದ ತಿರುಳು ಇಷ್ಟು. ಮಾನಸಿಕ ಸಿದ್ಧತೆ ಅಂದರೆ ಧೈರ್ಯ ತುಂಬಿಕೊಳ್ಳುವುದು ಅಂತ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಯೋಚನೆಯನ್ನು ಮೊದಲೇ ಮುಗಿಸಿಡುವ ಕೆಲಸ. ಆ ಎರಡು ನಿಮಿಷದಲ್ಲಿ ತಲೆ ಹೊಸದಾಗಿ ಯೋಚಿಸಲಾರದು. ಮೊದಲೇ ತೀರ್ಮಾನವಾಗಿದ್ದನ್ನು, ಕೈಗೆ ರೂಢಿಯಾಗಿದ್ದನ್ನು ಮಾತ್ರ ಹೊರಗೆ ಹಾಕುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ನಾವು ಬೈಯುತ್ತೇವಲ್ಲ, ಯುದ್ಧಕಾಲದಲ್ಲಿ ಯೋಚನೆ ಮಾಡಲು ಕೂರುವುದು ಅದಕ್ಕಿಂತ ಕೆಟ್ಟದ್ದು. ನೀವು ರೇಂಜಿನಲ್ಲಿ ಗುರಿ ಹೊಡೆಯುವುದನ್ನು ರೂಢಿ ಮಾಡಿದ್ದಿರಿ. ಕತ್ತಲಲ್ಲಿ ಜನ ಓಡಿ ಬಂದರೆ ಏನು ಮಾಡುತ್ತೇನೆ ಅನ್ನುವುದನ್ನು ಒಮ್ಮೆಯೂ ತೀರ್ಮಾನ ಮಾಡಿರಲಿಲ್ಲ. ಅದಕ್ಕೇ ಕೈಗೆ ಹೇಳಲು ತಲೆಯ ಹತ್ತಿರ ಏನೂ ಇರಲಿಲ್ಲ.

ಇದು ಹೇಗೆ ಆಗುತ್ತದೆ ಅನ್ನುವುದನ್ನು ನೋಡಬೇಕಿದ್ದರೆ ದೂರ ಹೋಗಬೇಕಿಲ್ಲ. ದಸರಾ ಬಂದೋಬಸ್ತಿಗೆ ನೀವೂ ಬಂದಿರಬಹುದು. ಜಂಬೂಸವಾರಿಯ ದಿನ ರಾಷ್ಟ್ರಗೀತೆ ನುಡಿಸುವಾಗ 21 ಕುಶಾಲತೋಪು ಹಾರುತ್ತದೆ. ಹಾರಿಸುವವರು ಹೊರಗಿನವರಲ್ಲ, ಮೈಸೂರು ನಗರ ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ. ಒಂದೊಂದು ಫಿರಂಗಿಗೂ ಒಂದೊಂದು ತಂಡ. ಮದ್ದಿನ ಪೊಟ್ಟಣ ಇಡುವವರು, ಕೋಲಿನಿಂದ ಒಳಕ್ಕೆ ದೂಡುವವರು, ಬೆಂಕಿ ಕೊಡುವವರು, ಹಾರಿದ ಕೂಡಲೇ ಒದ್ದೆ ಬಟ್ಟೆಯ ಕೋಲಿನಿಂದ ನಳಿಗೆ ಒರೆಸುವವರು. ಒಳಗೆ ಒಂದು ಕಿಡಿ ಉಳಿದರೂ ಮುಂದಿನ ಪೊಟ್ಟಣ ದೂಡುವಾಗಲೇ ಹೊತ್ತಿಕೊಳ್ಳಬಹುದು. ಕಿವಿ ಗುಂಯ್ ಅನ್ನುವ ಶಬ್ದ, ಕಣ್ಣಿಗೆ ಹೊಗೆ, ಸುತ್ತ ಸಾವಿರಾರು ಜನ. ಆ ಹೊತ್ತಿನಲ್ಲಿ ಈಗ ನನ್ನ ಸರದಿಯೋ ಅವನದೋ ಅಂತ ಯಾರೂ ಯೋಚಿಸುವಂತಿಲ್ಲ. ಅದಕ್ಕೇ ಎಷ್ಟೋ ದಿನ ಮುಂಚೆ ಅರಮನೆ ಆವರಣದಲ್ಲಿ ಮದ್ದು ಹಾಕದೆ ಒಣ ತಾಲೀಮು ಶುರುವಾಗುತ್ತದೆ. ಅದೇ ಕೋಲು, ಅದೇ ಹೆಜ್ಜೆ, ಅದೇ ಕೂಗು, ಶಬ್ದ ಮಾತ್ರ ಇಲ್ಲ.

ಆನೆ ಕುದುರೆಗಳಿಗೆ ಇನ್ನೊಂದು ತಾಲೀಮು. ಅವಕ್ಕೆ ಬೇಕಾಗಿರುವುದು ಶಬ್ದದ ಅಭ್ಯಾಸ. ಮೈದಾನದಲ್ಲಿ ನಿಲ್ಲಿಸಿ, ಮಾವುತ ಕಾವಾಡಿಗಳು ಪಕ್ಕದಲ್ಲೇ ಇದ್ದು, ನಿಜವಾದ ಸಿಡಿತ ಕೇಳಿಸುತ್ತಾರೆ. ಹೊಸ ಆನೆ ಮೊದಲ ಸಲ ಬೆಚ್ಚುತ್ತದೆ, ಹಿಂದಕ್ಕೆ ಸರಿಯುತ್ತದೆ. 2020ರಿಂದ ಅಂಬಾರಿ ಹೊರುತ್ತಾ ಬಂದ ಅಭಿಮನ್ಯುವಿನಂಥ ಅನುಭವಿ ಆನೆ ನಿಂತಲ್ಲೇ ನಿಲ್ಲುತ್ತದೆ. ಅದನ್ನು ನೋಡಿ ಹೊಸದೂ ಸುಧಾರಿಸಿಕೊಳ್ಳುತ್ತದೆ. ಅಂಬಾರಿಯ ದಿನವೇ ಮೊದಲ ಸಿಡಿತ ಕೇಳಿಸುವ ಹುಚ್ಚು ಸಾಹಸಕ್ಕೆ ಯಾರೂ ಹೋಗುವುದಿಲ್ಲ. ಆದರೆ ನಮ್ಮ ಹುಡುಗರ ವಿಷಯದಲ್ಲಿ ಎಷ್ಟೋ ಕಡೆ ನಡೆಯುವುದು ಅದೇ. ವರ್ಷಕ್ಕೊಮ್ಮೆ ರೇಂಜಿಗೆ ಕರೆದುಕೊಂಡು ಹೋಗಿ ಕೆಲವು ರೌಂಡ್ ಹೊಡೆಸಿ ಸಹಿ ಹಾಕಿಸಿಕೊಂಡರೆ ಮುಗಿಯಿತು. ಮಿಕ್ಕಿದ್ದನ್ನು ರಸ್ತೆಯೇ ಕಲಿಸಲಿ ಅಂತ ಬಿಡುತ್ತಾರೆ.

ಇಲ್ಲಿ ಕ್ರಮ ಮುಖ್ಯ. ಮೊದಲು ಶಬ್ದವಿಲ್ಲದೆ ಕೈಗೆ ಕೆಲಸ ಕೂರಬೇಕು. ಆಮೇಲೆ ಶಬ್ದಕ್ಕೆ ಒಗ್ಗಬೇಕು. ಕೊನೆಗೆ ಎರಡೂ ಒಟ್ಟಿಗೆ. ಮೊದಲ ದಿನವೇ ಬೆದರಿಸಿ, ಬೈದು, ಕಿವಿಯ ಪಕ್ಕ ಪಟಾಕಿ ಹೊಡೆದು ಗಟ್ಟಿ ಮಾಡುತ್ತೇವೆ ಅನ್ನುವವರು ಮಾಡುವುದು ಬೆಚ್ಚುವ ಅಭ್ಯಾಸವನ್ನು.

ನಿಮ್ಮ ಮಟ್ಟಕ್ಕೆ ಇದನ್ನು ಇಳಿಸೋಣ. ನಿಮ್ಮ ರೈಫಲ್ ಇನ್ಸಾಸ್ ಇರಲಿ, ಎಸ್‌ಎಲ್‌ಆರ್ ಇರಲಿ, ಸೇಫ್ಟಿ ಎಡಗಡೆ ಹೆಬ್ಬೆರಳಿಗೆ ಸಿಗುವಂತಿದೆ. ಡ್ಯೂಟಿಗೆ ಶಸ್ತ್ರ ತೆಗೆದುಕೊಳ್ಳುವಾಗ, ವಾಪಸ್ ಕೊಡುವಾಗ, ಖಾಲಿ ಅಂತ ಎರಡು ಸಲ ನೋಡಿ, ಸುರಕ್ಷಿತ ದಿಕ್ಕಿಗೆ ಹಿಡಿದು, ನಿಮ್ಮ ಮೇಲಿನವರ ಅನುಮತಿಯಲ್ಲಿ ಒಂದೇ ಕೆಲಸ ಮಾಡಿ: ರೈಫಲ್ ಭುಜಕ್ಕೆ ಬರಬೇಕು, ಹೆಬ್ಬೆರಳು ಸೇಫ್ಟಿಗೆ ಹೋಗಬೇಕು, ವಾಪಸ್ ಸೇಫ್ಟಿಗೆ ಹಾಕಿ ರೈಫಲ್ ಇಳಿಸಬೇಕು. ಇಳಿಸುವುದನ್ನು ಬಿಡಬೇಡಿ. ಎಲ್ಲರೂ ಎತ್ತುವುದನ್ನು ಅಭ್ಯಾಸ ಮಾಡುತ್ತಾರೆ, ಇಳಿಸುವುದನ್ನು ಮಾಡುವುದಿಲ್ಲ. ಮೊದಲು ನಿಧಾನಕ್ಕೆ ಮಾಡಿ. ವೇಗ ತಾನಾಗಿ ಬರುತ್ತದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಮಾಡಿ, ನಿಮ್ಮ ಘಟನೆ ನಡೆದದ್ದು ಕತ್ತಲಲ್ಲಿ ಅಲ್ವಾ. ಕೈಗವಸು ಹಾಕುವ ಕಾಲದಲ್ಲಿ ಕೈಗವಸು ಹಾಕಿಕೊಂಡೇ ಮಾಡಿ. ಮ್ಯಾಗಜಿನ್ ಬದಲಾಯಿಸುವುದು, ಗುಂಡು ಸಿಕ್ಕಿಕೊಂಡರೆ ಬಿಡಿಸುವುದು, ಇವಕ್ಕೂ ಹೀಗೇ.

ತೋರುಬೆರಳಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಹೊಡೆಯುವ ತೀರ್ಮಾನ ಆಗುವವರೆಗೆ ಅದು ಟ್ರಿಗರ್ ಗಾರ್ಡಿನ ಹೊರಗೇ ಇರಬೇಕು. ಇದು ಬರೀ ರೇಂಜಿನ ಶಿಸ್ತಲ್ಲ. ಮನುಷ್ಯ ಬೆಚ್ಚಿದಾಗ, ಎಡವಿದಾಗ, ಒಂದು ಕೈಯಲ್ಲಿ ಯಾರನ್ನೋ ಬಿಗಿಯಾಗಿ ಹಿಡಿದಾಗ, ಇನ್ನೊಂದು ಕೈಯ ಬೆರಳೂ ತಾನಾಗಿ ಮುದುಡುತ್ತದೆ. ಅದನ್ನು ಮನಸ್ಸು ತಡೆಯಲಾರದು. ಬೆರಳು ಹೊರಗಿದ್ದರೆ ಮಾತ್ರ ತಡೆಯಬಹುದು. ನಡುಗುವ ಕೈಗೆ ಇರುವ ದೊಡ್ಡ ರಕ್ಷಣೆ ಇದೇ.

ರೇಂಜಿಗೆ ಹೋದಾಗ ಉಸ್ತಾದರನ್ನು ಒಂದು ಕೇಳಿ. ನಿಮಗೆ ತಿಳಿಯದಂತೆ ಮ್ಯಾಗಜಿನ್‌ನಲ್ಲಿ ಒಂದೆರಡು ಡಮ್ಮಿ ರೌಂಡ್ ಸೇರಿಸಿ ಕೊಡಲಿ. ಡಮ್ಮಿ ಬಂದಾಗ ಶಬ್ದವಿಲ್ಲ, ಒದೆತವಿಲ್ಲ, ಆದರೂ ನಳಿಗೆ ಕೆಳಗೆ ಜಗ್ಗಿದರೆ ನೀವು ಒದೆತಕ್ಕೆ ಮೊದಲೇ ಹೆದರುತ್ತಿದ್ದೀರಿ ಅಂತ ಅರ್ಥ. ಒಳ್ಳೆ ಗ್ರೂಪಿಂಗ್ ಇರುವವರಲ್ಲೂ ಇದು ಅಡಗಿರುತ್ತದೆ. ಜೊತೆಗೆ ಗುಂಡು ಹಾರದೇ ಹೋದಾಗ ಪೆಚ್ಚಾಗಿ ನಿಲ್ಲದೆ ಮುಂದಿನ ಕೆಲಸಕ್ಕೆ ಕೈ ಹೋಗುವುದೂ ರೂಢಿಯಾಗುತ್ತದೆ.

ಈಗ ತೀರ್ಮಾನದ ಭಾಗ. ಇದಕ್ಕೆ ಬಂದೂಕೇ ಬೇಡ. ಡ್ಯೂಟಿಗೆ ಹೊರಡುವ ಮುಂಚೆ ಐದು ನಿಮಿಷ ಕೂತು ಇವತ್ತಿನ ಜಾಗವನ್ನು ಕಣ್ಣಮುಂದೆ ತಂದುಕೊಳ್ಳಿ. ಸಿನಿಮಾದಲ್ಲಿ ಹೀರೋನ ದೂರದಿಂದ ನೋಡಿದಂತೆ ಬೇಡ. ನಿಮ್ಮ ಕಣ್ಣಿಂದ ಕಾಣುವಂತೆ ನೋಡಿ: ಜೀಪಿನ ಗಾಜು, ಎದುರಿನ ಲೈಟು, ಕೈಯಲ್ಲಿ ರೈಫಲ್ಲಿನ ಭಾರ. ಹೀಗಾದರೆ ಹೀಗೆ ಅಂತ ಕೆಲವೇ ಮಾತಿನಲ್ಲಿ ಕಟ್ಟಿಕೊಳ್ಳಿ. ದಾರಿಗೆ ಗಾಡಿ ಅಡ್ಡ ಇದ್ದರೆ, ದೂರದಲ್ಲೇ ನಿಲ್ಲಿಸುತ್ತೇವೆ. ಜನ ಓಡಿ ಬಂದರೆ, ಇಂಜಿನ್ ಇರುವ ಕಡೆಯ ಮರೆಗೆ ಹೋಗಿ ‘ನಿಲ್ಲಿ’ ಅಂತ ಗಟ್ಟಿಯಾಗಿ ಕೂಗುತ್ತೇನೆ. ಕೈಯಲ್ಲಿ ಏನಿದೆ ಅಂತ ಮೊದಲು ಕೈ ನೋಡುತ್ತೇನೆ, ಮುಖ ಆಮೇಲೆ. ಬರಿಗೈ ಆಗಿದ್ದರೆ ರೈಫಲ್ ಇಳಿಯುತ್ತದೆ. ಇಂಥವು ನಾಲ್ಕೈದು ಸಾಕು. ಹದಿನೈದು ಇಪ್ಪತ್ತು ಕಟ್ಟಿಕೊಂಡರೆ ಯಾವುದು ಅಂತ ಆರಿಸುವುದರಲ್ಲೇ ಹೊತ್ತು ಹೋಗುತ್ತದೆ. ನಿಮ್ಮ ಎಎಸ್‌ಐ ಜೊತೆಗೂ ಗಾಡಿಯಲ್ಲಿ ಕೂತಾಗ ಮಾತಾಡಿಕೊಳ್ಳಿ. ಕಿವಿ ಮಂದವಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ, ಹಾಗಾಗಿ ಕೂಗಿನ ಜೊತೆ ಹೆಗಲು ತಟ್ಟುವ ಗುರುತು ಇಟ್ಟುಕೊಳ್ಳಿ.

ಕೆಟ್ಟದ್ದನ್ನೂ ಕಲ್ಪಿಸಿಕೊಳ್ಳಿ. ಗುಂಡು ಹಾರಲಿಲ್ಲ. ಕತ್ತಲಲ್ಲಿ ಬಿದ್ದೆ. ನನಗೇ ಏಟು ಬಿತ್ತು. ಆಮೇಲೆ ಏನು? 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಇಬ್ಬರು ದರೋಡೆಕೋರರಿಗೂ ಎಂಟು ಎಫ್‌ಬಿಐ ಏಜೆಂಟರಿಗೂ ಕಾಳಗವಾಯಿತು. ಐದು ನಿಮಿಷವೂ ಹಿಡಿಯಲಿಲ್ಲ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಎಡಗೈ ಛಿದ್ರವಾಗಿದ್ದ ಎಡ್ಮುಂಡೋ ಮಿರೆಲೆಸ್ ಒಂದೇ ಕೈಯಲ್ಲಿ ಶಾಟ್‌ಗನ್ ಹೊಡೆದು, ಆಮೇಲೆ ರಿವಾಲ್ವರ್ ತೆಗೆದು ಕಾಳಗ ಮುಗಿಸಿದರು. ಈ ಘಟನೆ ಆದ ಮೇಲೆ ಯಾವ ಪಿಸ್ತೂಲು ಒಳ್ಳೆಯದು, ಯಾವ ಗುಂಡು ಒಳ್ಳೆಯದು ಅಂತ ವರ್ಷಗಟ್ಟಲೆ ಚರ್ಚೆ ನಡೆಯಿತು. ಏಟು ಬಿದ್ದವನು ಮುಗಿದ ಅಂತ ಅವರು ಯಾಕೆ ಅಂದುಕೊಳ್ಳಲಿಲ್ಲ ಅನ್ನುವುದಕ್ಕೂ ಅಷ್ಟೇ ಗಮನ ಕೊಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ನಮ್ಮಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. 2008ರ ಮುಂಬೈ ದಾಳಿಯ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ಎಎಸ್‌ಐ ತುಕಾರಾಮ್ ಓಂಬ್ಳೆ ಕೈಯಲ್ಲಿ ಇದ್ದದ್ದು ಲಾಠಿ. ಎದುರು ಕಸಬ್‌ನ ಎಕೆ-47. ಓಂಬ್ಳೆ ಆ ನಳಿಗೆಯನ್ನೇ ಹಿಡಿದುಕೊಂಡರು. ಗುಂಡುಗಳು ಮೈಗೆ ನುಗ್ಗಿದರೂ ಬಿಡಲಿಲ್ಲ. ಜೊತೆಯವರು ಕಸಬ್‌ನನ್ನು ಜೀವಂತ ಹಿಡಿದರು. ಓಂಬ್ಳೆಯವರಿಗೆ ಮರಣಾನಂತರ ಅಶೋಕ ಚಕ್ರ ಬಂತು. ಅದೇ ರಾತ್ರಿ ಸಿಎಸ್‌ಟಿ ನಿಲ್ದಾಣದಲ್ಲಿ ರೈಲಿನ ಹೊತ್ತು ಹೇಳುವ ವಿಷ್ಣು ಝೆಂಡೆ ಮೈಕಿನಲ್ಲಿ ಜನರಿಗೆ ಹೊರಗೆ ಹೋಗುವ ದಾರಿ ಹೇಳುತ್ತಲೇ ಇದ್ದರು. ಅವರ ಕೈಯಲ್ಲಿ ಲಾಠಿಯೂ ಇರಲಿಲ್ಲ. ಕೈಯಲ್ಲಿ ಇದ್ದದ್ದರಿಂದಲೇ ಮುಂದಿನ ಕೆಲಸ ಮಾಡಿದರು.

ಎಚ್ಚರದ ಬಗ್ಗೆ ಎರಡು ಮಾತು. ಅಮೆರಿಕದ ನೌಕಾ ಪದಾತಿ ದಳದಲ್ಲಿದ್ದ ಜೆಫ್ ಕೂಪರ್ ಮನಸ್ಸಿನ ಸ್ಥಿತಿಗೆ ನಾಲ್ಕು ಬಣ್ಣ ಕೊಟ್ಟರು. ಬಿಳಿ ಅಂದರೆ ಮೈಮರೆತಿರುವುದು. ಹಳದಿ ಅಂದರೆ ಆರಾಮಾಗಿದ್ದೂ ಸುತ್ತ ಗಮನ ಇರುವುದು. ಕಿತ್ತಳೆ ಅಂದರೆ ನಿರ್ದಿಷ್ಟವಾಗಿ ಏನೋ ಸರಿಯಿಲ್ಲ ಅನ್ನಿಸಿರುವುದು. ಕೆಂಪು ಅಂದರೆ ಹೋರಾಡಲು ತೀರ್ಮಾನಿಸಿ ಆಗಿರುವುದು. ಬಹಳ ಜನ ಇದನ್ನು ಅಪಾಯದ ಅಳತೆ ಅಂದುಕೊಳ್ಳುತ್ತಾರೆ. ಅಳತೆ ನಿಮ್ಮ ಮನಸ್ಸಿನದು. ಎಂಟು ಗಂಟೆ ಡ್ಯೂಟಿಯನ್ನು ಕಿತ್ತಳೆಯಲ್ಲೇ ಕಳೆಯುತ್ತೇನೆ ಅಂದರೆ ಸುಸ್ತಾಗಿ ಬಿಳಿಗೆ ಬೀಳುತ್ತೀರಿ. ಹಳದಿಯಲ್ಲಿರಿ. ಮೊಬೈಲ್ ಜೇಬಿನಲ್ಲಿದ್ದರೆ ಅದೇ ಅರ್ಧ ಹಳದಿ.

ಸಿಕ್ಕ ಸುಳಿವು ತೀರಾ ಸಲೀಸಾಗಿದ್ದರೂ ಒಂದು ಬಣ್ಣ ಮೇಲೆ ಹೋಗಬೇಕು. 1992ರ ಆಗಸ್ಟ್ 14ರಂದು ಮೈಸೂರು ಜಿಲ್ಲಾ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮತ್ತು ಜೊತೆಗಿದ್ದ ಪೊಲೀಸರು ಸಿಕ್ಕ ಸುಳಿವು ನಂಬಿ ಹೊರಟು ಮೀಣ್ಯಂ ಹತ್ತಿರ ವೀರಪ್ಪನ್ ಹೊಂಚುದಾಳಿಗೆ ಬಲಿಯಾದರು. ಆಗ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು. ಅವರು ಧೈರ್ಯ ಕಮ್ಮಿಯಿದ್ದವರಲ್ಲ. ಹೊಂಚು ಹಾಕಿದವನು ಜಾಗ, ಹೊತ್ತು ಎರಡನ್ನೂ ತಾನೇ ಆರಿಸಿಕೊಂಡಿರುತ್ತಾನೆ. ಅದರೊಳಗೆ ಸಿಕ್ಕವನಿಗೆ ಉಳಿಯುವುದು ಒಂದೇ, ಅಲ್ಲೇ ನಿಂತು ಏನಾಯಿತು ಅಂತ ನೋಡದೆ ಆ ಜಾಗದಿಂದ ತಕ್ಷಣ ಹೊರಬೀಳುವುದು. ಅದಕ್ಕೇ ಸೇನೆಯಲ್ಲಿ ಹೊಂಚುದಾಳಿಯ ಡ್ರಿಲ್ಲನ್ನು ಬೇಸರ ಬರುವಷ್ಟು ಸಲ ಮಾಡಿಸುತ್ತಾರೆ.

ಈಗ ನೀವು ಗುಂಡು ಹಾರಿಸದೇ ಇದ್ದದ್ದು. ಆ ನಾಲ್ಕೈದು ಜನ ಕುಡಿದವರು, ಅಷ್ಟೇ. ಒಂದು ಕ್ಷಣ ಬೆರಳು ಜಾರಿದ್ದರೆ ಇವತ್ತು ನಿಮ್ಮ ಪ್ರಶ್ನೆಯೇ ಬೇರೆ ಆಗುತ್ತಿತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ಐಪಿಸಿಯಲ್ಲಿ ಇದು 96ರಿಂದ 106ರವರೆಗೆ ಇತ್ತು. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ ಅನ್ನುವುದು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಇದನ್ನು ಪರೀಕ್ಷೆಗೆ ಓದಿದಂತೆ ಓದಬೇಡಿ. ಪ್ರತಿ ಕಲಮಿಗೂ ನಿಮ್ಮ ಡ್ಯೂಟಿಯ ಒಂದು ಚಿತ್ರ ಕಟ್ಟಿಕೊಳ್ಳಿ. ಕಾನೂನು ಗೊತ್ತಿಲ್ಲದವನಿಗೆ ಎರಡು ತೊಂದರೆ: ಹೊಡೆಯಬಾರದಲ್ಲಿ ಹೊಡೆಯುತ್ತಾನೆ, ಹೊಡೆಯಲೇಬೇಕಾದಲ್ಲಿ ಸಸ್ಪೆಂಡ್ ಆಗುತ್ತೀನೇನೋ ಅಂತ ಲೆಕ್ಕ ಹಾಕುತ್ತಾ ನಿಲ್ಲುತ್ತಾನೆ.

ಹಾಗಾಗಿ ಕಿಲ್ಲರ್ ಇನ್‌ಸ್ಟಿಂಕ್ಟ್ ಅನ್ನುವ ನಿಮ್ಮ ಗೆಳೆಯನ ಸಲಹೆ ನನಗೆ ಒಪ್ಪಿಗೆ ಇಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕ ಸೇನೆಯ ಇತಿಹಾಸಕಾರ ಮಾರ್ಷಲ್ ಅನ್ನುವವರು, ಕಾಳಗದಲ್ಲಿ ಕಾಲುಭಾಗ ಸೈನಿಕರೂ ಗುಂಡು ಹಾರಿಸುವುದಿಲ್ಲ ಅಂದಿದ್ದರು. ಕೊಲ್ಲುವ ಮನಸ್ಸು ಬೆಳೆಸಬೇಕು ಅನ್ನುವ ಮಾತಿಗೆ ಜನ ಇವತ್ತಿಗೂ ಅದನ್ನೇ ಆಧಾರ ಕೊಡುತ್ತಾರೆ. ಆ ಲೆಕ್ಕಕ್ಕೆ ಸರಿಯಾದ ದಾಖಲೆ ಇಲ್ಲ ಅಂತ ಆಮೇಲಿನ ಸಂಶೋಧಕರು ತಕರಾರು ತೆಗೆದಿದ್ದಾರೆ. ಅದು ಹಾಗಿರಲಿ. ಪೊಲೀಸನಿಗೆ ಬೇಕಾಗಿರುವುದು ಗುಂಡು ಹಾರಿಸುವ ಆತುರವಲ್ಲ. ನೋಡಿ, ಗುರುತಿಸಿ, ಬೇಕಿದ್ದರೆ ಮಾತ್ರ ಹಾರಿಸುವ ಅಭ್ಯಾಸ. ಮೊಬೈಲಿನಲ್ಲಿ ಎನ್‌ಕೌಂಟರ್ ವಿಡಿಯೋ ನೋಡುತ್ತಾ ಕೂತರೆ ಅದು ಬರುವುದಿಲ್ಲ. ರೇಂಜಿನಲ್ಲಿ ಗುರಿಯ ಚಿತ್ರಗಳಲ್ಲಿ ಕೆಲವಕ್ಕೆ ಪಿಸ್ತೂಲು, ಕೆಲವಕ್ಕೆ ಟಾರ್ಚು, ಮೊಬೈಲು ಹಿಡಿಸಿ ತೋರಿಸಿದರೆ ಬರುತ್ತದೆ.

ಉಸಿರಾಟದ ಬಗ್ಗೆ ಚಿಕ್ಕದಾಗಿ. ನಾಲ್ಕು ಎಣಿಸುತ್ತಾ ಎಳೆದುಕೊಳ್ಳಿ, ನಾಲ್ಕು ಎಣಿಸುವಷ್ಟು ಹಿಡಿಯಿರಿ, ನಾಲ್ಕರಲ್ಲಿ ಬಿಡಿ, ಮತ್ತೆ ನಾಲ್ಕು ತಡೆಯಿರಿ. ಜೀಪು ನಿಂತು ನೀವು ಇಳಿಯುವ ಮುಂಚಿನ ಹೊತ್ತಿಗೆ ಇದು ಒಳ್ಳೆಯದು. ಕಾಳಗ ಶುರುವಾದ ಮೇಲೆ ಎಣಿಸುತ್ತಾ ಕೂರುವಂತಿಲ್ಲ, ಒಂದು ಉದ್ದನೆಯ ಉಸಿರು ಬಿಟ್ಟರೆ ಸಾಕು.

ನಿದ್ದೆಯನ್ನು ಮಾತ್ರ ಚಿಕ್ಕದು ಅಂದುಕೊಳ್ಳಬೇಡಿ. ಸತತವಾಗಿ 17 ಗಂಟೆ ಎಚ್ಚರವಿದ್ದವರ ಕೈ ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. 24 ಗಂಟೆಗೆ ಅದು 0.10ರ ಹತ್ತಿರ ಬರುತ್ತದೆ. ಕಾವೇರಿ ಗಲಾಟೆಯ ಕಾಲದಲ್ಲಿ ಮಂಡ್ಯದ ಸಂಜಯ ವೃತ್ತದಲ್ಲಿ ಹಗಲೂ ರಾತ್ರಿ ನಿಂತ ಹುಡುಗರನ್ನು ಕೇಳಿ, ಕೊನೆಗೆ ಏನು ಕಾಣುತ್ತಿದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ ಅನ್ನುತ್ತಾರೆ. ಪಾಳಿ ನಿಮ್ಮ ಕೈಯಲ್ಲಿಲ್ಲ, ನನಗೆ ಗೊತ್ತು. ಸಿಕ್ಕ ಇಪ್ಪತ್ತು ನಿಮಿಷ ಮೊಬೈಲ್ ನೋಡುವ ಬದಲು ಕಣ್ಣು ಮುಚ್ಚುವುದು ನಿಮ್ಮ ಕೈಯಲ್ಲಿದೆ.

ಆ ರಾತ್ರಿ ಆದದ್ದು ಈಗಲೂ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದೆಯಾ? ಕೆಲವು ದಿನ ಬರುವುದು ಸಹಜ. ವಾರಗಟ್ಟಲೆ ನಿದ್ದೆ ಕೆಡಿಸಿದರೆ, ಡ್ಯೂಟಿಗೆ ಹೊರಡುವಾಗಲೇ ಎದೆ ಹಿಡಿದಂತಾದರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಎಎಸ್‌ಐ ಜೊತೆಯೂ ಆ ರಾತ್ರಿಯ ಬಗ್ಗೆ ಒಮ್ಮೆ ಬಿಚ್ಚಿ ಮಾತಾಡಿ. ಅವರ ಕಿವಿಯೂ ಮಂದವಾಗಿತ್ತೋ ಏನೋ.

ಕೊನೆಗೆ ಮಾತ್ರೆ. ನಿಮ್ಮ ಪರಿಚಯದವರು ಹೇಳಿದ್ದು ಬಹುಶಃ ಪ್ರೊಪ್ರನಲಾಲ್ ಥರದ ಬೀಟಾ ಬ್ಲಾಕರ್. ಎದೆ ಬಡಿತ, ಕೈ ನಡುಕ ಎರಡನ್ನೂ ಅದು ತಗ್ಗಿಸುತ್ತದೆ ಅನ್ನುವುದು ನಿಜ. ಅದಕ್ಕೇ ಶೂಟಿಂಗ್ ಸ್ಪರ್ಧೆಗಳಲ್ಲಿ ಅದು ನಿಷೇಧಿತ. 2008ರ ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಇದೇ ಮಾತ್ರೆಗೆ ಸಿಕ್ಕಿಬಿದ್ದು ಒಂದು ಬೆಳ್ಳಿ, ಒಂದು ಕಂಚು ಕಳೆದುಕೊಂಡ. ಡಾಕ್ಟರ್ ಬರೆದುಕೊಡದೆ ತೆಗೆದುಕೊಳ್ಳಲೇಬೇಡಿ. ಅಸ್ತಮಾ ಇದ್ದವರಿಗಂತೂ ಅಪಾಯ. ಮತ್ತೆ, ನಿಮ್ಮ ಕೆಲಸಕ್ಕೆ ಓಡಬೇಕು, ಹಿಡಿಯಬೇಕು, ಆಗ ಏರಬೇಕಾದ ಬಡಿತವನ್ನೇ ಕಟ್ಟಿಹಾಕಿದರೆ ಹೇಗೆ? ಅದರ ಬದಲು ಮುಂದಿನ ಫೈರಿಂಗ್ ದಿನ ಬೆಳಿಗ್ಗೆ ಹೊಟ್ಟೆಗೆ ಏನಾದರೂ ತಿಂದು ಹೋಗಿ, ಕಾಫಿ ಒಂದೇ ಲೋಟಕ್ಕೆ ನಿಲ್ಲಿಸಿ, ಸಿಗರೇಟು ಇದ್ದರೆ ಬಿಡಿ. ಡಮ್ಮಿ ರೌಂಡ್ ಕೇಳುವುದನ್ನು ಮರೆಯಬೇಡಿ. ನಳಿಗೆ ಜಗ್ಗಿತೋ ಇಲ್ಲವೋ ಅನ್ನುವುದನ್ನು ಬರೆದು ತಿಳಿಸಿದರೆ ಮುಂದಿನ ಅಭ್ಯಾಸ ಹೇಳುತ್ತೇನೆ.